ದೂರ ಒಂದೇ, ಗಂಟೆ ಬೇರೆ: ಎರಡು ಏರ್‌ಪೋರ್ಟ್ ನಡುವೆ ಯಾವ ಫ್ಲೈಟ್ ಆರಿಸಬೇಕು?

ಎರಡು ಏರ್‌ಪೋರ್ಟ್ ಹೆಸರು ಹಾಕಿ, ದೂರ ಎಷ್ಟು, ಎಷ್ಟು ಹೊತ್ತು ಬೇಕು ಎಂದು ಹುಡುಕಿ ನೋಡಿ. ಒಂದು ಕಡೆ ಒಂದು ಅಂಕಿ ಬರುತ್ತದೆ, ಇನ್ನೊಂದು ಕಡೆ ಇನ್ನೊಂದು, ಟಿಕೆಟ್ ಬುಕ್ ಮಾಡಲು ಹೋದರೆ ಅಲ್ಲಿ ಮೂರನೆಯದು. ತಮಾಷೆ ಏನೆಂದರೆ ಮೂರೂ ಸರಿಯೇ. ಒಂದೊಂದೂ ಬೇರೆ ಪ್ರಶ್ನೆಗೆ ಉತ್ತರ ಹೇಳುತ್ತಿರುತ್ತದೆ, ನಾವು ಮಾತ್ರ ಕೇಳಿದ್ದು ಒಂದೇ ಪ್ರಶ್ನೆ ಅಂದುಕೊಂಡಿರುತ್ತೇವೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇರುವ ನಾಲ್ಕೈದು ಫ್ಲೈಟ್‌ಗಳಲ್ಲಿ ಒಂದನ್ನು ಆರಿಸುವಾಗ ಕಿಲೋಮೀಟರ್ ಅಂಥ ಸಹಾಯ ಮಾಡುವುದಿಲ್ಲ. ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಬಹುಪಾಲು ನೆಲದ ಮೇಲೆಯೇ ಆಗುತ್ತದೆ. ಎಲ್ಲಿ ನಿಲ್ಲುತ್ತದೆ, ಅಲ್ಲಿ ಎಷ್ಟು ಹೊತ್ತು ಕಾಯಿಸುತ್ತದೆ, ಕೊನೆಗೆ ಯಾವ ಏರ್‌ಪೋರ್ಟ್‌ನಲ್ಲಿ ಇಳಿಸುತ್ತದೆ, ಇವೇ ಲೆಕ್ಕ. ಆದರೂ ಕಿಲೋಮೀಟರ್ ಹೇಗೆ ಬರುತ್ತದೆ ಎಂದು ಗೊತ್ತಿಲ್ಲದಿದ್ದರೆ ಗಂಟೆಯ ಲೆಕ್ಕ ತಲೆಗೆ ಹತ್ತುವುದಿಲ್ಲ. ಅಲ್ಲಿಂದಲೇ ಶುರು ಮಾಡೋಣ.

ಯಾವ ದೂರ ನಂಬಬೇಕು?

ವೆಬ್‌ಸೈಟ್‌ಗಳು ಕೊಡುವುದು ಸಾಮಾನ್ಯವಾಗಿ ಗ್ರೇಟ್ ಸರ್ಕಲ್ ದೂರ. ಭೂಮಿಯ ಗೋಳದ ಮೇಲೆ ಎರಡು ಚುಕ್ಕೆ ಇಟ್ಟು ಅವುಗಳ ನಡುವೆ ಒಂದು ದಾರ ಬಿಗಿಯಾಗಿ ಎಳೆದರೆ ಅದು ಯಾವ ದಾರಿ ಹಿಡಿಯುತ್ತದೋ ಅದೇ. ಗೋಡೆಯ ಮೇಲಿನ ಚಪ್ಪಟೆ ನಕ್ಷೆಯಲ್ಲಿ ಇದು ನೇರ ಗೆರೆಯಾಗಿ ಕಾಣುವುದಿಲ್ಲ, ಬಿಲ್ಲಿನ ಹಾಗೆ ಬಾಗಿರುತ್ತದೆ. ಮ್ಯಾಡ್ರಿಡ್ ಮತ್ತು ನ್ಯೂಯಾರ್ಕ್ ನೋಡಿ. ಎರಡೂ ಹೆಚ್ಚು ಕಡಿಮೆ ಒಂದೇ ಅಕ್ಷಾಂಶದಲ್ಲಿವೆ, ನಲವತ್ತೂವರೆ ಡಿಗ್ರಿ ಉತ್ತರದ ಆಸುಪಾಸು. ನಕ್ಷೆ ನೋಡಿದವರು ಪಶ್ಚಿಮಕ್ಕೆ ಮೂತಿ ತಿರುಗಿಸಿ ಸುಮ್ನೆ ನೇರ ಹೋದರಾಯಿತು ಎನ್ನುತ್ತಾರೆ. ಹಾಗೆ ಹೋದರೆ ಸುಮಾರು 5,930 ಕಿ.ಮೀ ಆಗುತ್ತದೆ. ಗ್ರೇಟ್ ಸರ್ಕಲ್ ದಾರಿ ಮಧ್ಯದಲ್ಲಿ 46 ಡಿಗ್ರಿವರೆಗೂ ಉತ್ತರಕ್ಕೆ ಹತ್ತಿ ಇಳಿಯುತ್ತದೆ, ಆದರೂ ಅದು 5,770 ಕಿ.ಮೀ ಮಾತ್ರ. ಸೀಟಿನ ಮುಂದಿನ ಪರದೆಯಲ್ಲಿ ವಿಮಾನ ಎಲ್ಲೆಲ್ಲೋ ಸುತ್ತುತ್ತಿದೆ ಅನಿಸಿದರೆ ಪೈಲಟ್‌ನ ಬೈಯಬೇಡಿ, ಸುಳ್ಳು ಹೇಳುತ್ತಿರುವುದು ನಕ್ಷೆ.

ಎರಡು ಸೈಟ್‌ಗಳ ನಡುವೆ ಹತ್ತಿಪ್ಪತ್ತು ಕಿಲೋಮೀಟರ್ ವ್ಯತ್ಯಾಸ ಬಂದರೆ ತಲೆ ಕೆಡಿಸಿಕೊಳ್ಳುವುದು ಬೇಡ. ಒಂದು ಸೈಟ್ ಭೂಮಿಯನ್ನು 6,371 ಕಿ.ಮೀ ತ್ರಿಜ್ಯದ ಸರಿಯಾದ ಚೆಂಡು ಎಂದುಕೊಂಡಿರುತ್ತದೆ, ಇನ್ನೊಂದು ಧ್ರುವಗಳಲ್ಲಿ ಸ್ವಲ್ಪ ಅಮುಕಿದ ಆಕಾರ ಎಂದುಕೊಂಡಿರುತ್ತದೆ. ಎರಡನೆಯದೇ ನಿಜ, ಆದರೆ ವ್ಯತ್ಯಾಸ ಅರ್ಧ ಶೇಕಡಾದ ಒಳಗೇ ಇರುತ್ತದೆ. ಅದಕ್ಕಿಂತ ದೊಡ್ಡ ಎಡವಟ್ಟು ಮೈಲಿಯದು. ವಿಮಾನದವರ ಮೈಲಿ ನಾಟಿಕಲ್ ಮೈಲಿ, 1.852 ಕಿ.ಮೀ. ರಸ್ತೆಯ ಮೈಲಿ 1.609 ಕಿ.ಮೀ. ಒಂದು ಕಡೆ ಮೂರು ಸಾವಿರ ಮೈಲಿ ಎಂದೂ ಇನ್ನೊಂದು ಕಡೆ ಮೂರೂವರೆ ಸಾವಿರ ಮೈಲಿ ಎಂದೂ ಕಂಡರೆ ಯಾರೋ ತಪ್ಪಿದ್ದಾರೆ ಎಂದೇನಲ್ಲ. ಲಂಡನ್ ಹೀಥ್ರೂದಿಂದ ನ್ಯೂಯಾರ್ಕ್‌ನ ಜೆಎಫ್‌ಕೆಗೆ ನಿಜವಾಗಿಯೂ ಹೀಗೆಯೇ ಎರಡು ಲೆಕ್ಕ ಬರುತ್ತವೆ. ಕಿಲೋಮೀಟರ್‌ನಲ್ಲಿ ಹೇಳಿದರೆ ಸುಮಾರು 5,550.

ಆದರೆ ಯಾವ ವಿಮಾನವೂ ಆ ದಾರದ ಮೇಲೆಯೇ ಹಾರುವುದಿಲ್ಲ. ಏರುವಾಗ ರನ್‌ವೇ ಯಾವ ದಿಕ್ಕಿಗಿದೆಯೋ ಆ ಕಡೆ ಹೋಗಿ ತಿರುಗಬೇಕು, ಇಳಿಯುವಾಗ ಸಾಲಿನಲ್ಲಿ ನಿಲ್ಲಬೇಕು, ನಡುವೆ ಮಿಲಿಟರಿ ಜಾಗಗಳನ್ನು, ಗುಡುಗಿನ ಮೋಡಗಳನ್ನು ಬಳಸಿ ಹೋಗಬೇಕು. ಇಂಗಾಲದ ಲೆಕ್ಕ ಹಾಕುವ ಐಸಿಎಒ, ಅಂದರೆ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ತನ್ನ ಕ್ಯಾಲ್ಕುಲೇಟರ್‌ನಲ್ಲಿ ಇದಕ್ಕೆಂದೇ ಒಂದಷ್ಟು ಸೇರಿಸುತ್ತದೆ. 550 ಕಿ.ಮೀ ಒಳಗಿನ ಹಾರಾಟಕ್ಕೆ 50 ಕಿ.ಮೀ, 5,500 ರವರೆಗೆ 100, ಅದರ ಮೇಲೆ 125. ಇದನ್ನು ನೋಡಿದರೆ ಒಂದು ವಿಷಯ ಹೊಳೆಯುತ್ತದೆ. ಸುತ್ತಾಟದ ಪಾಲು ದೊಡ್ಡ ಹಾರಾಟದಲ್ಲಿ ಲೆಕ್ಕಕ್ಕೇ ಬರುವುದಿಲ್ಲ, ಸಣ್ಣ ಹಾರಾಟದಲ್ಲಿ ಮಾತ್ರ ಚೆನ್ನಾಗಿಯೇ ಚುಚ್ಚುತ್ತದೆ.

ಇನ್ನು ಕೆಲವು ಸಲ ದಾರವೇ ಕಡಿದುಹೋಗುತ್ತದೆ. ಹೆಲ್ಸಿಂಕಿಯಿಂದ ಟೋಕಿಯೋಗೆ ಗ್ರೇಟ್ ಸರ್ಕಲ್ ದೂರ ಸುಮಾರು 7,800 ಕಿ.ಮೀ. ರಷ್ಯಾದ ಮೇಲೆ ಹಾರುತ್ತಿದ್ದಾಗ ಒಂಬತ್ತೂವರೆ ಗಂಟೆಯಲ್ಲಿ ಮುಗಿಯುತ್ತಿತ್ತು. 2022ರಲ್ಲಿ ರಷ್ಯಾದ ಆಕಾಶ ಯುರೋಪಿನ ವಿಮಾನಗಳಿಗೆ ಮುಚ್ಚಿತು, ಫಿನ್ಲೆಂಡಿನ ಏರ್‌ಲೈನ್ ಫಿನ್ನೇರ್ ಉತ್ತರ ಧ್ರುವದ ಮೇಲಿಂದ ಸುತ್ತಿ ಬಳಸಿ ಹೋಗಲು ಶುರು ಮಾಡಿತು, ಪ್ರಯಾಣ ಸುಮಾರು 13 ಗಂಟೆಯಾಯಿತು. ದೂರ ತೋರಿಸುವ ಸೈಟ್‌ಗಳಿಗೆ ಇದ್ಯಾವುದೂ ಗೊತ್ತಿಲ್ಲ. ಅವು ಈಗಲೂ 7,800 ಎಂದೇ ಹೇಳುತ್ತವೆ, ಅದರಿಂದ ಗುಣಿಸಿ ಭಾಗಿಸಿ ಒಂಬತ್ತು ಚಿಲ್ಲರೆ ಗಂಟೆ ಎಂದೂ ಹೇಳಿಬಿಡುತ್ತವೆ. ಆದ್ದರಿಂದ ದೂರದಿಂದ ಲೆಕ್ಕ ಹಾಕಿದ ಸಮಯಕ್ಕಿಂತ ವೇಳಾಪಟ್ಟಿಯ ಸಮಯವೇ ಮೇಲು, ಯಾವತ್ತೂ.

ಯಾವ ಸಮಯ ನಂಬಬೇಕು?

ಇಲ್ಲಿಯೂ ಮೂರು ಬಗೆ ಇವೆ. ಚಕ್ರ ನೆಲ ಬಿಟ್ಟಾಗಿನಿಂದ ನೆಲ ಮುಟ್ಟುವವರೆಗಿನ ಹೊತ್ತು ಒಂದು. ಗೇಟಿನಿಂದ ಹಿಂದೆ ಸರಿದಾಗಿನಿಂದ ಇನ್ನೊಂದು ಕಡೆಯ ಗೇಟಿಗೆ ಬಂದು ನಿಲ್ಲುವವರೆಗಿನ ಹೊತ್ತು ಇನ್ನೊಂದು, ಇದಕ್ಕೆ ಬ್ಲಾಕ್ ಟೈಮ್ ಎನ್ನುತ್ತಾರೆ. ಮೂರನೆಯದು ನಮ್ಮ ಮನೆಯ ಬಾಗಿಲಿನಿಂದ ಹೋಗಬೇಕಾದ ಬಾಗಿಲಿನವರೆಗೆ, ಇದನ್ನು ಯಾವ ಸೈಟೂ ತೋರಿಸುವುದಿಲ್ಲ, ಆದರೆ ನಮಗೆ ಬೇಕಾಗಿರುವುದು ಇದೇ. ಟಿಕೆಟ್ ಮೇಲೆ ಇರುವುದು ಎರಡನೆಯದು. ಅದರಲ್ಲಿ ರನ್‌ವೇವರೆಗೆ ತೆವಳುವ ಹೊತ್ತು, ಸಾಲಿನಲ್ಲಿ ಕಾಯುವ ಹೊತ್ತು ಎಲ್ಲ ಸೇರಿರುತ್ತದೆ, ಮೇಲೆ ತಡವಾದರೆ ಇರಲಿ ಎಂದು ಏರ್‌ಲೈನ್‌ನವರು ಸೇರಿಸಿಟ್ಟ ಚೂರುಪಾರು ನಿಮಿಷಗಳೂ ಇರುತ್ತವೆ. ಅರ್ಧ ಗಂಟೆ ತಡವಾಗಿ ಹೊರಟ ವಿಮಾನ ಸರಿಯಾದ ಹೊತ್ತಿಗೇ ತಲುಪಿ "ನಾವು ಸಮಯಕ್ಕೆ ಬಂದಿದ್ದೇವೆ" ಎಂದು ಮೈಕ್‌ನಲ್ಲಿ ಹೆಮ್ಮೆಯಿಂದ ಹೇಳುತ್ತಾರಲ್ಲ, ಅದರ ಗುಟ್ಟು ಬಹಳ ಸಲ ಇಷ್ಟೇ.

ಒಂದೇ ದಾರಿಯಲ್ಲಿ ಒಂದೇ ಮಾದರಿಯ ವಿಮಾನ ಹಾರಿಸುವ ಎರಡು ಏರ್‌ಲೈನ್‌ಗಳು ಹತ್ತು ಹದಿನೈದು ನಿಮಿಷ ವ್ಯತ್ಯಾಸ ತೋರಿಸಿದರೆ ಕಡಿಮೆ ತೋರಿಸಿದವರು ವೇಗದವರು ಎಂದು ಅಂದುಕೊಳ್ಳಬೇಡಿ. ಫ್ಲೈಟ್‌ರಾಡಾರ್24 ಥರದ ಸೈಟ್‌ನಲ್ಲಿ ಫ್ಲೈಟ್ ನಂಬರ್ ಹಾಕಿದರೆ ಹಿಂದಿನ ದಿನಗಳಲ್ಲಿ ಅದು ಯಾವಾಗ ಹೊರಟಿತು, ಯಾವಾಗ ಇಳಿಯಿತು ಎಂದು ಕಾಣಿಸುತ್ತದೆ. ಎರಡು ನಿಮಿಷದ ಕೆಲಸ. ನನಗೆ ವೇಳಾಪಟ್ಟಿಗಿಂತ ಇದರ ಮೇಲೆ ನಂಬಿಕೆ ಜಾಸ್ತಿ.

ವೇಳಾಪಟ್ಟಿ ಕೈಯಲ್ಲಿ ಇಲ್ಲ, ಸುಮ್ನೆ ಅಂದಾಜು ಬೇಕು ಎನ್ನುವವರಿಗೆ ನಾನು ಬಳಸುವ ಲೆಕ್ಕ ಇದು. ಕಿಲೋಮೀಟರ್‌ನ 800 ರಿಂದ ಭಾಗಿಸಿ, ಅರ್ಧ ಗಂಟೆ ಸೇರಿಸಿ. ಗಿಜಿಗುಡುವ ದೊಡ್ಡ ಏರ್‌ಪೋರ್ಟ್ ಆದರೆ ಮುಕ್ಕಾಲು ಗಂಟೆ. ಹತ್ತು ಸಾವಿರ ಕಿ.ಮೀ ದಾಟಿದರೆ 850 ರಿಂದ ಭಾಗಿಸಿ. ಲಂಡನ್‌ನಿಂದ ನ್ಯೂಯಾರ್ಕ್‌ಗೆ ಹಾಕಿ ನೋಡಿ, ಸುಮಾರು ಏಳೂವರೆ ಗಂಟೆ ಬರುತ್ತದೆ. ಆಸ್ಟ್ರೇಲಿಯಾದ ಪರ್ತ್‌ನಿಂದ ಲಂಡನ್‌ಗೆ 14,500 ಕಿ.ಮೀ, ಲೆಕ್ಕಕ್ಕೆ ಹದಿನೇಳೂವರೆ ಬರುತ್ತದೆ, ಕ್ವಾಂಟಸ್ ಏರ್‌ಲೈನ್ 2018ರಲ್ಲಿ ಶುರು ಮಾಡಿದ ವಿಮಾನಕ್ಕೂ ಹೆಚ್ಚು ಕಡಿಮೆ ಅಷ್ಟೇ ಹೊತ್ತು ಬೇಕು. ತೀರಾ ಸಣ್ಣ ಹಾರಾಟಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಸ್ಕಾಟ್‌ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ 2.7 ಕಿ.ಮೀ, ವೇಳಾಪಟ್ಟಿಯಲ್ಲಿ ಎರಡು ನಿಮಿಷ, ಗಾಳಿ ಒಲಿದರೆ ಒಂದು ನಿಮಿಷದ ಒಳಗೇ ಇಳಿದಿರುತ್ತಾರೆ. ಬೆಲ್ಟ್ ಹಾಕಿ ಬಿಚ್ಚುವುದಕ್ಕೇ ಅಷ್ಟು ಹೊತ್ತು ಬೇಕು.

ಗಡಿಯಾರ ನೋಡಿ ಕಳೆಯಬೇಡಿ

ಹೊರಡುವ ಸಮಯ, ತಲುಪುವ ಸಮಯ ಎರಡೂ ಆಯಾ ಊರಿನ ಗಡಿಯಾರದ್ದು. ಚಳಿಗಾಲದಲ್ಲಿ ಲಂಡನ್‌ನಿಂದ ಬೆಳಗ್ಗೆ 11ಕ್ಕೆ ಹೊರಟು ನ್ಯೂಯಾರ್ಕ್‌ಗೆ ಮಧ್ಯಾಹ್ನ 2ಕ್ಕೆ ತಲುಪುವ ವಿಮಾನ ಮೂರು ಗಂಟೆಯಲ್ಲಿ ಹೋಯಿತು ಎಂದು ಕಾಣುತ್ತದೆ. ಅಲ್ಲಿಂದ ಸಂಜೆ 7ಕ್ಕೆ ಹೊರಟು ಮರುದಿನ ಬೆಳಗ್ಗೆ 7ಕ್ಕೆ ಬರುವುದು ಹನ್ನೆರಡು ಗಂಟೆ ತೆಗೆದುಕೊಂಡಿತು ಎಂದು ಕಾಣುತ್ತದೆ. ನ್ಯೂಯಾರ್ಕ್ ಗಡಿಯಾರ ಲಂಡನ್‌ಗಿಂತ ಐದು ಗಂಟೆ ಹಿಂದೆ, ಆದ್ದರಿಂದ ನಿಜಕ್ಕೂ ಮೊದಲನೆಯದು ಎಂಟು ಗಂಟೆ, ಎರಡನೆಯದು ಏಳು. ಟೋಕಿಯೋದಿಂದ ರಾತ್ರಿ 9ಕ್ಕೆ ಹೊರಟರೆ ಹೊನೊಲುಲುಗೆ ಅದೇ ದಿನ ಬೆಳಗ್ಗೆ 9ಕ್ಕೆ ಇಳಿಯಬಹುದು, ಹೊರಡುವುದಕ್ಕೆ ಹನ್ನೆರಡು ಗಂಟೆ ಮೊದಲೇ! ದಿನಾಂಕ ರೇಖೆ ದಾಟಿದ್ದರ ಮಹಿಮೆ ಅದು, ಹಾರಿದ್ದು ಏಳು ಗಂಟೆಯೇ.

ಎರಡು ಆಯ್ಕೆ ಹೋಲಿಸುವಾಗ ಎರಡನ್ನೂ ಒಂದೇ ಗಡಿಯಾರಕ್ಕೆ ತನ್ನಿ. ಯುಟಿಸಿ ಎನ್ನುವ, ಪ್ರಪಂಚಕ್ಕೆಲ್ಲ ಒಂದೇ ಆದ ಗಡಿಯಾರ ಆದರೆ ಸುಲಭ. ಕೆಲವು ದೇಶಗಳ ಸಮಯ ಅರ್ಧ ಗಂಟೆಯ ಲೆಕ್ಕದಲ್ಲಿ ಇರುತ್ತದೆ, ನೇಪಾಳದ್ದು ಯುಟಿಸಿಗಿಂತ 5 ಗಂಟೆ 45 ನಿಮಿಷ ಮುಂದೆ. ಇನ್ನೊಂದು ಕಿರಿಕಿರಿ ಬೇಸಿಗೆಯ ಗಡಿಯಾರದ್ದು. ಅಮೆರಿಕದವರು ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರ ಮುಂದಕ್ಕೆ ಹಾಕುತ್ತಾರೆ, ಯುರೋಪಿನವರು ಮಾರ್ಚ್ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಲಂಡನ್‌ಗೂ ನ್ಯೂಯಾರ್ಕ್‌ಗೂ ಐದು ಗಂಟೆಯ ಬದಲು ನಾಲ್ಕು ಗಂಟೆಯ ವ್ಯತ್ಯಾಸ. ಬೇರೆ ಬೇರೆ ಟಿಕೆಟ್ ಜೋಡಿಸುವವರು ಇಲ್ಲಿ ಜಾರಿ ಬೀಳುತ್ತಾರೆ.

ನಾನ್‌ಸ್ಟಾಪೋ, ಡೈರೆಕ್ಟೋ, ಕನೆಕ್ಟಿಂಗೋ

ಮೊದಲ ಎರಡು ಪದಗಳನ್ನು ಒಂದೇ ಎಂದುಕೊಂಡವರೇ ಜಾಸ್ತಿ. ನಾನ್‌ಸ್ಟಾಪ್ ಎಂದರೆ ಎಲ್ಲೂ ನಿಲ್ಲುವುದಿಲ್ಲ. ಡೈರೆಕ್ಟ್ ಎಂದರೆ ಫ್ಲೈಟ್ ನಂಬರ್ ಒಂದೇ, ಅಷ್ಟೇ. ನಡುವೆ ಇಳಿದು, ಎಣ್ಣೆ ತುಂಬಿಸಿ, ಜನ ಇಳಿಸಿ ಹತ್ತಿಸಿ ಹೋಗಬಹುದು. ಕನೆಕ್ಟಿಂಗ್ ಎಂದರೆ ನಡುವೆ ಇಳಿದು ಇನ್ನೊಂದು ಫ್ಲೈಟ್ ಹತ್ತಬೇಕು.

ಇದಕ್ಕೆ ಸಿಂಗಾಪುರ ಮತ್ತು ನ್ಯೂಯಾರ್ಕ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಸಿಂಗಾಪುರ್ ಏರ್‌ಲೈನ್ಸ್ ಇಲ್ಲಿ ಎರಡು ಬಗೆಯ ಪ್ರಯಾಣ ಕೊಡುತ್ತದೆ. ಒಂದು ಜೆಎಫ್‌ಕೆಗೆ ನೇರ ಹಾರುವ ನಾನ್‌ಸ್ಟಾಪ್, 15,300 ಕಿ.ಮೀಗೂ ಮೇಲೆ, ಹದಿನೆಂಟೂವರೆ ಗಂಟೆ ದಾಟುತ್ತದೆ. ಪ್ರಪಂಚದ ಅತಿ ಉದ್ದದ ಹಾರಾಟಗಳಲ್ಲಿ ಒಂದು. ಇನ್ನೊಂದು ಫ್ರಾಂಕ್‌ಫರ್ಟ್‌ನಲ್ಲಿ ನಿಂತು ಹೋಗುತ್ತದೆ, ಅದಕ್ಕೂ ಉದ್ದಕ್ಕೂ ಒಂದೇ ಫ್ಲೈಟ್ ನಂಬರ್. ಫ್ರಾಂಕ್‌ಫರ್ಟ್ ಮೂಲಕ ಎರಡೂ ಹಾರಾಟ ಕೂಡಿಸಿದರೆ ಸುಮಾರು 16,500 ಕಿ.ಮೀ. ಅಂದರೆ ದೂರ ಹೆಚ್ಚಾದದ್ದು ಏಳು ಶೇಕಡಾದಷ್ಟು, ಹಾರಾಟಕ್ಕೆ ಒಂದೂಕಾಲು ಗಂಟೆ ಸಾಕು. ಆದರೆ ಒಟ್ಟು ಪ್ರಯಾಣ ಹೆಚ್ಚು ಕಡಿಮೆ ಒಂದು ದಿನಕ್ಕೆ ಹೋಗಿ ಮುಟ್ಟುತ್ತದೆ. ಉಳಿದ ಗಂಟೆಗಳು ಎಲ್ಲಿ ಹೋದವು? ಇನ್ನೊಂದು ಸಲ ಇಳಿಯುವುದು, ಗೇಟಿಗೆ ಬರುವುದು, ಕಾಯುವುದು, ಮತ್ತೆ ಸಾಲಿನಲ್ಲಿ ನಿಂತು ಏರುವುದು, ಎದುರು ಗಾಳಿಯಲ್ಲಿ ಅಟ್ಲಾಂಟಿಕ್ ದಾಟುವುದು. ನಿಲುಗಡೆಗೆ ಕೊಡುವ ಬೆಲೆ ಇದು. ದೂರದ ಅಂಕಿಯಲ್ಲಿ ಇದರ ಸುಳಿವೂ ಸಿಗುವುದಿಲ್ಲ.

ಹಾಗೆಂದು ನಾನ್‌ಸ್ಟಾಪೇ ಯಾವಾಗಲೂ ಮೇಲು ಎಂದು ನಾನು ಹೇಳುವುದಿಲ್ಲ. ಎಂಟು ಹತ್ತು ಗಂಟೆಯ ಒಳಗಿನ ಪ್ರಯಾಣವಾದರೆ ಯೋಚನೆಯೇ ಬೇಡ, ನಾನ್‌ಸ್ಟಾಪ್ ಸಿಕ್ಕರೆ ಹಿಡಿಯಿರಿ. ಹದಿನಾಲ್ಕು ಗಂಟೆ ದಾಟಿದ ಮೇಲೆ ಮಾತು ಬೇರೆ. ಕಾಲು ಊದಿಕೊಳ್ಳುವವರು, ಸಣ್ಣ ಮಕ್ಕಳಿರುವವರು, ಒಂದೇ ಕಡೆ ಕೂರಲಾಗದ ಹಿರಿಯರು ನಡುವೆ ಒಮ್ಮೆ ಇಳಿದು ಓಡಾಡಿದರೆ ಹಗುರವಾಗುತ್ತಾರೆ. ನನಗಂತೂ ಹದಿನೈದನೇ ಗಂಟೆಯ ನಂತರ ಸಿನಿಮಾ, ನಿದ್ದೆ, ಓದು ಯಾವುದೂ ಹಿಡಿಸುವುದಿಲ್ಲ.

ಎಲ್ಲಿ ನಿಲ್ಲಬೇಕು?

ನಿಲ್ಲಲೇಬೇಕು ಎಂದಾದರೆ ಕಿಲೋಮೀಟರ್‌ಗೆ ಇಲ್ಲಿ ಸ್ವಲ್ಪ ಬೆಲೆ ಬರುತ್ತದೆ. ನಿಲ್ಲುವ ಊರು ಆ ದಾರಕ್ಕೆ ಎಷ್ಟು ಹತ್ತಿರ ಇದೆ ಎಂದು ನೋಡಬೇಕು. ಲಂಡನ್‌ನಿಂದ ಸಿಡ್ನಿಗೆ ಗ್ರೇಟ್ ಸರ್ಕಲ್ ದೂರ ಸುಮಾರು 17,000 ಕಿ.ಮೀ. ಸಿಂಗಾಪುರದಲ್ಲಿ ನಿಂತು ಹೋದರೆ ಸುಮಾರು 17,200. ಒಂದೇ ಶೇಕಡಾ ಜಾಸ್ತಿ. ದುಬೈಯಲ್ಲಿ ನಿಂತರೆ ಸುಮಾರು 17,500, ಮೂರು ಶೇಕಡಾ. ಲಾಸ್ ಏಂಜಲೀಸ್ ಮೂಲಕ ಭೂಮಿಯ ಆ ಮಗ್ಗುಲಿನಿಂದ ಹೋದರೆ 20,800, ಅಂದರೆ ಇಪ್ಪತ್ತೆರಡು ಶೇಕಡಾ ಜಾಸ್ತಿ, ಐದು ಗಂಟೆ ಹೆಚ್ಚು ಹಾರಾಟ. ಭೂಮಿಯ ಮೇಲೆ ಯಾವ ಎರಡು ಜಾಗದ ನಡುವೆಯೂ 20,000 ಕಿ.ಮೀ ಆಸುಪಾಸಿಗಿಂತ ಜಾಸ್ತಿ ದೂರ ಇರುವುದೇ ಇಲ್ಲ, ಅದನ್ನು ಮೀರಿಸಿ ಹೋಗುವ ದಾರಿ ಇದು!

ಸಿಂಗಾಪುರ ಮತ್ತು ದುಬೈ ನಡುವೆ ಆರಿಸುವಾಗ ಆ 300 ಕಿ.ಮೀ ಮರೆತುಬಿಡಿ, ಇಪ್ಪತ್ತು ಇಪ್ಪತ್ತೈದು ನಿಮಿಷದ ಮಾತು ಅದು. ಎರಡರಲ್ಲೂ ದಾರಿ ಹೇಗೆ ತುಂಡಾಗುತ್ತದೆ ನೋಡಿ. ಸಿಂಗಾಪುರದಲ್ಲಿ ಮೊದಲ ತುಂಡು ಉದ್ದ, ಎರಡನೆಯದು ಎಂಟು ಗಂಟೆ. ದುಬೈಯಲ್ಲಿ ಮೊದಲು ಏಳು ಗಂಟೆ, ಆಮೇಲೆ ಹದಿನಾಲ್ಕರ ಹತ್ತಿರ. ಉದ್ದದ ತುಂಡು ನಿಮ್ಮ ನಿದ್ದೆಯ ಹೊತ್ತಿಗೆ ಬೀಳುವ ಹಾಗೆ ಯಾವುದು ಇದೆಯೋ ಅದನ್ನು ತೆಗೆದುಕೊಳ್ಳಿ.

ಲೇಓವರ್, ಅಂದರೆ ನಡುವೆ ಕಾಯುವ ಹೊತ್ತು, ಎಷ್ಟಿರಬೇಕು ಎನ್ನುವುದಕ್ಕೆ ನನಗೆ ಕಹಿ ಅನುಭವವೇ ಇದೆ. ಒಂದು ಸಲ ಒಟ್ಟು ಸಮಯ ಕಡಿಮೆ ಕಾಣಿಸಿತು ಎಂದು 55 ನಿಮಿಷದ ಕನೆಕ್ಷನ್ ತೆಗೆದುಕೊಂಡೆ. ಮೊದಲ ವಿಮಾನ ಇಪ್ಪತ್ತೈದು ನಿಮಿಷ ತಡ. ಉಸಿರು ಕಟ್ಟಿ ಓಡಿ ಗೇಟ್ ಮುಚ್ಚುವ ಮೊದಲು ನಾನೇನೋ ತಲುಪಿದೆ, ನನ್ನ ಬ್ಯಾಗ್ ತಲುಪಲಿಲ್ಲ, ಅದು ಮರುದಿನ ಆರಾಮಾಗಿ ಬಂತು. ಅಂದಿನಿಂದ ದೇಶದಿಂದ ದೇಶಕ್ಕೆ ಬದಲಾಯಿಸುವಾಗ ಎರಡರಿಂದ ಮೂರು ಗಂಟೆ ಇಟ್ಟುಕೊಳ್ಳುತ್ತೇನೆ. ಒಂದೇ ಟಿಕೆಟ್‌ನಲ್ಲಿ ಎರಡೂ ಹಾರಾಟ ಇದ್ದರೆ ತಪ್ಪಿಹೋದಾಗ ಮುಂದಿನ ವಿಮಾನಕ್ಕೆ ಹತ್ತಿಸುವುದು ಏರ್‌ಲೈನ್ ಜವಾಬ್ದಾರಿ. ಎರಡು ಬೇರೆ ಟಿಕೆಟ್ ಮಾಡಿಸಿದ್ದರೆ ನಷ್ಟ ನಿಮ್ಮದೇ, ಬ್ಯಾಗ್ ತೆಗೆದುಕೊಂಡು ಮತ್ತೆ ಚೆಕ್‌ಇನ್ ಮಾಡುವುದೂ ನಿಮ್ಮದೇ. ವೀಸಾ ಕೂಡ ನೋಡಿಕೊಳ್ಳಿ. ಅಮೆರಿಕದಲ್ಲಿ ಸುಮ್ನೆ ವಿಮಾನ ಬದಲಾಯಿಸುವುದಕ್ಕೂ ಇಮಿಗ್ರೇಷನ್ ದಾಟಬೇಕು, ಅದಕ್ಕೆ ಬೇಕಾದ ಅನುಮತಿಯೂ ಬೇಕು. ಮೇಲೆ ಹೇಳಿದ ಲಾಸ್ ಏಂಜಲೀಸ್ ದಾರಿಗೆ ಇದು ಇನ್ನೊಂದು ಏಟು.

ಹೋಗುವುದು ಬೇರೆ, ಬರುವುದು ಬೇರೆ

ದೂರ ಎರಡು ಕಡೆಗೂ ಒಂದೇ, ಸಮಯ ಮಾತ್ರ ಒಂದೇ ಇರುವುದಿಲ್ಲ. ನೆಲದಿಂದ ಒಂಬತ್ತರಿಂದ ಹನ್ನೆರಡು ಕಿ.ಮೀ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎನ್ನುವ ಗಾಳಿಯ ಹೊಳೆ ಹರಿಯುತ್ತದೆ, ವಿಮಾನಗಳು ಹಾರುವುದೂ ಅದೇ ಎತ್ತರದಲ್ಲಿ. ಪೂರ್ವಕ್ಕೆ ಹೋಗುವವರನ್ನು ಹಿಂದಿನಿಂದ ತಳ್ಳುತ್ತದೆ, ಪಶ್ಚಿಮಕ್ಕೆ ಹೋಗುವವರನ್ನು ಎದುರಿನಿಂದ ತಡೆಯುತ್ತದೆ. ಚಳಿಗಾಲದಲ್ಲಿ ಇದರ ಜೋರು ಜಾಸ್ತಿ. ಲಂಡನ್ ನ್ಯೂಯಾರ್ಕ್ ದಾರಿಯಲ್ಲಿ ಒಂದು ಗಂಟೆ ವ್ಯತ್ಯಾಸ ಮಾಮೂಲಿ. ಟೋಕಿಯೋದಿಂದ ಹೊನೊಲುಲುಗೆ ಏಳು ಗಂಟೆ, ವಾಪಸ್ ಬರುವಾಗ ಎಂಟೂವರೆಯಿಂದ ಒಂಬತ್ತು.

2020ರ ಫೆಬ್ರವರಿಯಲ್ಲಿ ಅಟ್ಲಾಂಟಿಕ್ ಮೇಲೆ ದೊಡ್ಡ ಬಿರುಗಾಳಿ ಎದ್ದಿದ್ದಾಗ ಬ್ರಿಟಿಷ್ ಏರ್‌ವೇಸ್‌ನ ಒಂದು 747 ವಿಮಾನ ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂದು ಇಳಿಯಿತು. ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಕಾಂಕಾರ್ಡ್ 1996ರಲ್ಲಿ ಇದೇ ದಾರಿಯನ್ನು ಮೂರು ಗಂಟೆಯ ಒಳಗೇ ಮುಗಿಸಿತ್ತು, ಅದರ ಮಾತು ಬಿಡಿ, 2003ರಲ್ಲಿ ಮನೆಗೆ ಹೋಯಿತು. ಅಟ್ಲಾಂಟಿಕ್ ಮೇಲಿನ ದಾರಿಗಳನ್ನೇ ಗಾಳಿ ನೋಡಿಕೊಂಡು ದಿನಾ ಹೊಸದಾಗಿ ಹಾಕುತ್ತಾರೆ, ಪೂರ್ವಕ್ಕೆ ಹೋಗುವವರಿಗೆ ಬೇರೆ, ಪಶ್ಚಿಮಕ್ಕೆ ಹೋಗುವವರಿಗೆ ಬೇರೆ. ನೂರಿನ್ನೂರು ಕಿ.ಮೀ ಸುತ್ತಿದರೂ ಒಳ್ಳೆಯ ಗಾಳಿ ಸಿಕ್ಕರೆ ಬೇಗ ತಲುಪಬಹುದು, ಎಣ್ಣೆಯೂ ಉಳಿಯುತ್ತದೆ.

ಆರಿಸುವವರಿಗೆ ಇದರಿಂದ ಏನು? ಹೋಗುವ ಸಮಯ ನೋಡಿ ಬರುವುದೂ ಅಷ್ಟೇ ಎಂದು ಗಂಟು ಹಾಕಬೇಡಿ. ಪಶ್ಚಿಮಕ್ಕೆ ಹೋಗುವ ದಿನ ಸಂಜೆಗೆ ಮೀಟಿಂಗ್ ಇಟ್ಟುಕೊಳ್ಳಬೇಡಿ, ಅದರಲ್ಲೂ ಚಳಿಗಾಲದಲ್ಲಿ. ಇನ್ನು ಪೂರ್ವಕ್ಕೆ ಹೋಗುವ ರಾತ್ರಿಯ ವಿಮಾನ ಬೇಗ ತಲುಪುತ್ತದೆ ಎಂದು ಖುಷಿಪಡುವ ಮೊದಲು ಇನ್ನೊಂದು ಲೆಕ್ಕ ಹಾಕಿ. ಏಳು ಗಂಟೆಯ ಹಾರಾಟದಲ್ಲಿ ಊಟ, ತಿಂಡಿ, ಏರುವುದು, ಇಳಿಯುವುದು ಕಳೆದರೆ ನಿದ್ದೆಗೆ ಸಿಗುವುದು ನಾಲ್ಕು ಗಂಟೆ. ಹಗಲಿನ ವಿಮಾನ ಇದ್ದರೆ ನಾನು ಅದನ್ನೇ ಹಿಡಿಯುತ್ತೇನೆ. ಒಂದು ಹಗಲು ಹೋಗುತ್ತದೆ ನಿಜ, ಆದರೆ ರಾತ್ರಿ ನಿದ್ದೆ ಇಲ್ಲದೆ ಬಂದವರ ಮರುದಿನದ ಹಗಲೂ ಹೋದಂತೆಯೇ ಅಲ್ವಾ?

ಜೆಟ್ಟೋ, ಪ್ರೊಪೆಲ್ಲರೋ

ಇದನ್ನು ಬೇಗ ಮುಗಿಸುತ್ತೇನೆ. ಎಟಿಆರ್ 72 ಥರದ ಪ್ರೊಪೆಲ್ಲರ್ ವಿಮಾನ ಗಂಟೆಗೆ ಸುಮಾರು 500 ಕಿ.ಮೀ ಹೋಗುತ್ತದೆ. ಎ320, 737 ಥರದ ಸಣ್ಣ ಜೆಟ್‌ಗಳು 830 ಹತ್ತಿರ. 787, ಎ350 ಥರದ ದೊಡ್ಡವು 900. ಮುನ್ನೂರು ಕಿ.ಮೀ ದಾರಿಗೆ ಪ್ರೊಪೆಲ್ಲರ್ ಆದರೆ ಹದಿನೈದು ನಿಮಿಷ ಜಾಸ್ತಿ ಹಿಡಿಯುತ್ತದೆ, ಅಷ್ಟಕ್ಕೆ ಮೂಗು ಮುರಿಯಬೇಕಾಗಿಲ್ಲ, ಹೊತ್ತು ಸರಿಹೊಂದುವುದನ್ನು ಹತ್ತಿ. ಒಂಬೈನೂರು ಕಿ.ಮೀ ಆದರೆ ವ್ಯತ್ಯಾಸ ಮುಕ್ಕಾಲು ಗಂಟೆಯಷ್ಟಾಗುತ್ತದೆ, ಆಗ ಜೆಟ್ ನೋಡಿ. ದೊಡ್ಡ ಜೆಟ್ ಸಣ್ಣ ಜೆಟ್ ನಡುವಿನ ವ್ಯತ್ಯಾಸ ಅಟ್ಲಾಂಟಿಕ್ ದಾಟುವಷ್ಟು ದೂರಕ್ಕೂ ಅರ್ಧ ಗಂಟೆ ಅಷ್ಟೇ. ಅಲ್ಲಿ ವೇಗಕ್ಕಿಂತ ಸೀಟು ಮುಖ್ಯ.

ಊರು ಒಂದು, ಏರ್‌ಪೋರ್ಟ್ ಎರಡು

ನನ್ನ ಲೆಕ್ಕದಲ್ಲಿ ಜನ ಅತಿ ಹೆಚ್ಚು ಗಂಟೆ ಕಳೆದುಕೊಳ್ಳುವುದು ಇಲ್ಲಿ. ಟೋಕಿಯೋದ ಹನೇಡಾ ಊರಿನ ಮಧ್ಯಭಾಗದಿಂದ 15 ಕಿ.ಮೀ ಆಸುಪಾಸಿನಲ್ಲಿದೆ, ನರಿಟಾ 60 ಕಿ.ಮೀಗೂ ಮೇಲೆ. ಮಿಲಾನ್‌ನ ಲಿನಾಟೆ ಊರಿಗೆ ಅಂಟಿಕೊಂಡಂತಿದೆ, ಮಾಲ್ಪೆನ್ಸಾ 50 ಕಿ.ಮೀ ಆಚೆ. ಪ್ಯಾರಿಸ್ ಎಂದು ಮಾರುವ ಬೋವೆ ಏರ್‌ಪೋರ್ಟ್ ಪ್ಯಾರಿಸ್‌ನಿಂದ ಸುಮಾರು 85 ಕಿ.ಮೀ ದೂರ. ಹಾರಾಟದಲ್ಲಿ ಇಪ್ಪತ್ತು ನಿಮಿಷ ಉಳಿಸಿದ ಖುಷಿ ಬಸ್ಸಿನಲ್ಲಿ ಕರಗಿಹೋಗುತ್ತದೆ. ಇದಕ್ಕಿಂತ ಕೆಟ್ಟದ್ದು ಒಂದು ಏರ್‌ಪೋರ್ಟ್‌ಗೆ ಬಂದು ಇನ್ನೊಂದರಿಂದ ಹೊರಡುವ ಕನೆಕ್ಷನ್. ಹುಡುಕುವ ಸೈಟ್‌ಗಳು ಇಂಥದ್ದನ್ನೂ ಯಾವ ಸಂಕೋಚವಿಲ್ಲದೆ ಪಟ್ಟಿಯಲ್ಲಿ ತೋರಿಸುತ್ತವೆ, ನಾಲ್ಕು ಗಂಟೆ ಲೇಓವರ್ ಎಂದು ಆರಾಮಾಗಿ ಕಾಣುತ್ತದೆ, ಆ ನಾಲ್ಕು ಗಂಟೆಯಲ್ಲಿ ಬ್ಯಾಗ್ ಎಳೆದುಕೊಂಡು ಊರು ದಾಟಬೇಕು ಎನ್ನುವುದು ಸಣ್ಣ ಅಕ್ಷರದಲ್ಲಿ ಇರುತ್ತದೆ.

ಆದ್ದರಿಂದ ಊರಿನ ಹೆಸರು ಬಿಟ್ಟು ಏರ್‌ಪೋರ್ಟ್‌ನ ಮೂರಕ್ಷರದ ಕೋಡ್ ನೋಡಿ. ಹೆಸರು ನಂಬಿ ಕೆಟ್ಟವರು ಇದ್ದಾರೆ. ಆಸ್ಟ್ರೇಲಿಯಾದ ಸಿಡ್ನಿ ಅಂದುಕೊಂಡು ಕೆನಡಾದ ನೋವಾ ಸ್ಕೋಶಿಯಾದಲ್ಲಿರುವ ಸಿಡ್ನಿಗೆ ಟಿಕೆಟ್ ಮಾಡಿಸಿ ಅಲ್ಲಿಗೇ ಹೋಗಿ ಇಳಿದವರ ಕಥೆ ಒಂದಕ್ಕಿಂತ ಹೆಚ್ಚು ಸಲ ಸುದ್ದಿಯಾಗಿದೆ. ಅವರು ದೂರದ ಸೈಟ್‌ನಲ್ಲಿ ಒಮ್ಮೆ ಕೋಡ್ ಹಾಕಿ ನೋಡಿದ್ದರೆ ಕಿಲೋಮೀಟರ್ ಅಂಕಿಯೇ ಎಚ್ಚರಿಸುತ್ತಿತ್ತು. ಕಿಲೋಮೀಟರ್ ನಿಜಕ್ಕೂ ಉಪಯೋಗಕ್ಕೆ ಬರುವ ಜಾಗ ಇದೂ ಒಂದು.

ಹಾರಲೇಬೇಕಾ?

ಐದುನೂರು ಕಿ.ಮೀ ಒಳಗಿನ ದಾರಿಗೆ ಮೊದಲು ಕೇಳಬೇಕಾದ ಪ್ರಶ್ನೆ ಇದು. ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾ ಏರ್‌ಪೋರ್ಟ್‌ಗಳ ನಡುವೆ 483 ಕಿ.ಮೀ. ಟಿಕೆಟ್ ಮೇಲೆ ಹಾರಾಟ ಒಂದೂಕಾಲು ಗಂಟೆ, 2008ರಲ್ಲಿ ಶುರುವಾದ ವೇಗದ ರೈಲು ಎರಡೂವರೆ ಗಂಟೆ. ಕಾಗದದ ಮೇಲೆ ವಿಮಾನ ಗೆದ್ದಿತು. ಈಗ ಏರ್‌ಪೋರ್ಟ್‌ಗೆ ಹೋಗುವುದಕ್ಕೆ ಮುಕ್ಕಾಲು ಗಂಟೆ, ಸೆಕ್ಯುರಿಟಿ, ಗೇಟ್, ಕಾಯುವುದಕ್ಕೆ ಒಂದೂವರೆ ಗಂಟೆ, ಇಳಿದು ಊರೊಳಗೆ ಹೋಗುವುದಕ್ಕೆ ಮತ್ತೆ ಮುಕ್ಕಾಲು ಗಂಟೆ ಸೇರಿಸಿ. ನಾಲ್ಕು ಗಂಟೆ ದಾಟಿತು. ರೈಲಿಗೆ ಆ ಕಡೆ ಈ ಕಡೆ ಸೇರಿ ಒಂದು ಗಂಟೆ ಸೇರಿಸಿದರೆ ಮೂರೂವರೆ. ಫ್ರಾನ್ಸ್ 2023ರಲ್ಲಿ ಎರಡೂವರೆ ಗಂಟೆಯ ಒಳಗೆ ರೈಲಿನಲ್ಲಿ ಹೋಗಬಹುದಾದ ಕೆಲವು ದೇಶದೊಳಗಿನ ಹಾರಾಟಗಳನ್ನೇ ನಿಲ್ಲಿಸಿತು. ಪ್ಯಾರಿಸ್‌ನ ಓರ್ಲಿಯಿಂದ ಲಿಯೋನ್, ನಾಂಟ್, ಬೋರ್ಡೋಗೆ ಹೋಗುತ್ತಿದ್ದವು ಅವು. ನಡುವೆ ಸಮುದ್ರವೋ ಬೆಟ್ಟವೋ ಇದ್ದರೆ, ಅಥವಾ ವೇಗದ ರೈಲೇ ಇಲ್ಲದಿದ್ದರೆ ಈ ಮಾತು ಅನ್ವಯಿಸುವುದಿಲ್ಲ, ಆಗ ಮುನ್ನೂರು ಕಿ.ಮೀಗೂ ವಿಮಾನವೇ ಸರಿ.

ಕಿಲೋಮೀಟರ್ ನೋಡಲೇಬೇಕಾದ ಕಡೆ

ಎರಡು ಮೂರು ಕೆಲಸಕ್ಕೆ ಮಾತ್ರ ಆ ಅಂಕಿ ಬೇಕೇ ಬೇಕು. ಹಾರಿದ್ದಕ್ಕೆ ಏರ್‌ಲೈನ್‌ನವರು ಕೊಡುವ ಮೈಲೇಜ್ ಪಾಯಿಂಟ್‌ಗಳನ್ನು ಬಳಸಿ ಟಿಕೆಟ್ ಮಾಡಿಸುವಾಗ ಕೆಲವು ಏರ್‌ಲೈನ್‌ಗಳು ದೂರದ ಹಂತ ನೋಡಿ ಪಾಯಿಂಟ್ ಕತ್ತರಿಸುತ್ತವೆ. ಅಲ್ಲಿ ಹತ್ತು ಮೈಲಿ ಹೆಚ್ಚಾದರೂ ಮುಂದಿನ ಹಂತಕ್ಕೆ ಬೀಳಬಹುದು, ಆದ್ದರಿಂದ ಪಕ್ಕದ ಏರ್‌ಪೋರ್ಟ್‌ನಿಂದಲೂ ಒಮ್ಮೆ ಹಾಕಿ ನೋಡಿ. ಇಂಗಾಲದ ಲೆಕ್ಕ ಹಾಕುವವರಿಗೂ ಬೇಕು. ಅಲ್ಲಿ ಸಾಮಾನ್ಯವಾಗಿ ನಾನ್‌ಸ್ಟಾಪೇ ಮೇಲು, ಏಕೆಂದರೆ ಏರುವಾಗ ಎಣ್ಣೆ ಉರಿಯುವುದು ಹೆಚ್ಚು, ನಿಂತು ಹೋದರೆ ಎರಡು ಸಲ ಏರಬೇಕು. ತೀರಾ ಉದ್ದದ ಹಾರಾಟದಲ್ಲಿ ಮಾತ್ರ, ಹೊತ್ತ ಎಣ್ಣೆಯನ್ನು ಹೊರಲಿಕ್ಕೇ ಇನ್ನಷ್ಟು ಎಣ್ಣೆ ಸುಡುವುದರಿಂದ, ಈ ಲಾಭ ಸವೆಯುತ್ತಾ ಬರುತ್ತದೆ.

ಮೂರನೆಯದು ಪರಿಹಾರ. ಯುರೋಪಿಯನ್ ಯೂನಿಯನ್ನಿನ 2004ರ 261ನೇ ನಿಯಮದ ಪ್ರಕಾರ ವಿಮಾನ ರದ್ದಾದರೆ ಅಥವಾ ತುಂಬಾ ತಡವಾದರೆ ಕೊಡಬೇಕಾದ ಹಣ 1,500 ಮತ್ತು 3,500 ಕಿ.ಮೀ ಎನ್ನುವ ಗೆರೆಗಳ ಮೇಲೆ ನಿಂತಿದೆ. ಅಳೆಯುವುದು ಗ್ರೇಟ್ ಸರ್ಕಲ್ ದೂರವನ್ನೇ. ನಡುವೆ ವಿಮಾನ ಬದಲಾಯಿಸಿದ್ದರೆ ಎರಡು ತುಂಡು ಕೂಡಿಸುವ ಹಾಗಿಲ್ಲ, ಹೊರಟ ಜಾಗದಿಂದ ಕೊನೆಯ ಜಾಗಕ್ಕೆ ನೇರ ಅಳೆಯಬೇಕು ಎಂದು ಅಲ್ಲಿನ ಕೋರ್ಟ್ 2017ರಲ್ಲಿ ಹೇಳಿದೆ. ನೀವು ಸುತ್ತಿ ಬಳಸಿ 3,700 ಕಿ.ಮೀ ಹಾರಿರಬಹುದು, ದಾರ 3,400 ಎಂದರೆ 3,400 ಅಷ್ಟೇ.